ಹಿನ್ನೀರಿನ ದಡದಲ್ಲಿ ಹೋಮ್‌ಸ್ಟೇ, ಮನೆಯಲ್ಲಿ ಎರಡು ಪುಟ್ಟ ಮಕ್ಕಳು

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ದಡದಲ್ಲಿ ನಾಲ್ಕು ರೂಮಿನ ಹೋಮ್‌ಸ್ಟೇ. ನಾನು, ನಮ್ಮ ಯಜಮಾನರು, ಅತ್ತೆ, ಮೂವರೇ ನಡೆಸುತ್ತೇವೆ. ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಸೇತುವೆ ಆದ ಮೇಲೆ ಗೆಸ್ಟ್‌ಗಳು ಜಾಸ್ತಿ. ಶನಿವಾರ, ಭಾನುವಾರ ನಾನು ಅಡುಗೆಮನೆಯಿಂದ ಹೊರಗೇ ಬರುವುದಿಲ್ಲ. ಹೋದ ತಿಂಗಳು ಮಗ ಬೇಲಿಯ ದಣಪೆ ದಾಟಿ ನೀರಿನ ಹತ್ತಿರ ಹೋಗಿಬಿಟ್ಟಿದ್ದ. ಗೆಸ್ಟ್ ಒಬ್ಬರು ಎತ್ತಿಕೊಂಡು ಬಂದರು. ಯಜಮಾನರನ್ನು ಕೇಳಿದರೆ "ನಾವೆಲ್ಲ ಈ ನೀರಲ್ಲೇ ಬೆಳೆದವರು, ಏನೂ ಆಗಲ್ಲ" ಅನ್ನುತ್ತಾರೆ. ಮಗಳು ಮೂರು ಹೊತ್ತೂ ಗೆಸ್ಟ್‌ಗಳ ಜೊತೆ. ಟೀ ಲೋಟ ತಂದು ಕೊಡುತ್ತಾಳೆ. ಅವರು ಮುದ್ದು ಮಾಡಿ ಚಿಪ್ಸ್ ಕೊಡುತ್ತಾರೆ, ವಿಡಿಯೋ ಮಾಡಿಕೊಳ್ಳುತ್ತಾರೆ. ಮೊನ್ನೆ "ಅಮ್ಮಾ, ನಾನು ಒಂದಿನ ಗೆಸ್ಟ್ ಆಗ್ಲಾ?" ಅಂತ ಕೇಳಿದಳು. ನನಗೆ ಅಳು ತಡೆಯಲಿಲ್ಲ. ಮಕ್ಕಳನ್ನು ಕರೆದುಕೊಂಡು ಸಾಗರದಲ್ಲಿ ಬಾಡಿಗೆ ಮನೆ ಮಾಡೋದೇ ಒಳ್ಳೆಯದಾ? ಸಾಲ ಇದೆ, ವ್ಯವಹಾರ ಬಿಡೋ ಹಾಗಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನೀರಿನ ಭಯ ಇದೆ, ಗೆಸ್ಟ್‌ಗಳ ಗೊಂದಲ ಇದೆ, ಊರು ಬಿಡುವ ಯೋಚನೆ ಇದೆ. ನೀರಿನ ವಿಷಯ ಮೊದಲು ಮುಗಿಸೋಣ. ಉಳಿದೆರಡನ್ನು ನಿಧಾನಕ್ಕೆ ಸರಿ ಮಾಡಬಹುದು. ನೀರಿನದನ್ನು ಈ ವಾರವೇ ಮಾಡಬೇಕು.

ಮಗ ದಣಪೆ ದಾಟಿದ ಹೊತ್ತಿಗೆ ನಿಮ್ಮ ಮನೆಯಲ್ಲಿ ಎಷ್ಟು ಜನ ದೊಡ್ಡವರಿದ್ದರು, ಲೆಕ್ಕ ಹಾಕಿ ನೋಡಿ. ನೀವು ಮೂವರು. ಅಂಗಳದಲ್ಲಿ, ಜಗಲಿಯಲ್ಲಿ ಗೆಸ್ಟ್‌ಗಳು. ಎಲ್ಲ ಸೇರಿದರೆ ಏಳೆಂಟು ಜನಕ್ಕೆ ಕಡಿಮೆ ಇರಲಿಕ್ಕಿಲ್ಲ. ನೀವು ಅತ್ತೆ ನೋಡಿಕೊಳ್ಳುತ್ತಾರೆ ಅಂದುಕೊಂಡಿರಿ. ಅತ್ತೆ, ಮಗ ಅಂಗಳದಲ್ಲಿದ್ದಾನೆ ಅಂದುಕೊಂಡರು. ನಿಮ್ಮ ಯಜಮಾನರು ಕಾರು ನಿಲ್ಲಿಸಲು ಜಾಗ ತೋರಿಸುತ್ತಿದ್ದರು. ಗೆಸ್ಟ್‌ಗಳು, ಮನೆಯವರು ಇದ್ದಾರಲ್ಲ ಅಂದುಕೊಂಡರು. ಮುಳುಗಿದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದವರು ಹೆಚ್ಚಾಗಿ ಹೇಳುವುದು ಇದನ್ನೇ: "ಎಲ್ಲರೂ ಅಲ್ಲೇ ಇದ್ವಿ ಡಾಕ್ಟ್ರೇ." ಒಂಟಿ ಮನೆಗಿಂತ ತುಂಬಿದ ಮನೆಯಲ್ಲಿ ಮಗು ಕಣ್ತಪ್ಪುವುದು ಸುಲಭ. ಹೋಮ್‌ಸ್ಟೇ ಅಂದರೆ ವಾರಕ್ಕೆ ಎರಡು ದಿನ ಮದುವೆಮನೆ ಇದ್ದ ಹಾಗೆ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚೂಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಈ ವಯಸ್ಸಿನ ಮಗು ಮುಳುಗುವಾಗ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೇ ಪರದಾಡುವ ಬಾಯಿಂದ ಕೂಗು ಎಲ್ಲಿಂದ ಬರಬೇಕು? ನೀರು ಸ್ವಲ್ಪ ಅಲುಗಾಡುತ್ತದೆ, ಮುಗಿಯಿತು. ಒಂದು ನಿಮಿಷವೂ ಬೇಕಾಗಿಲ್ಲ. ಹಾಗಾಗಿ "ಶಬ್ದ ಬಂದರೆ ಓಡಿ ಹೋಗ್ತೀವಿ" ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ನಿಮ್ಮ ಯಜಮಾನರ ಮಾತಿಗೂ ಉತ್ತರ ಕೊಡಬೇಕು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಬೆಳೆಯುವಾಗ ಮನೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳು ಎಷ್ಟಿದ್ದರು ಅಂತ ಒಮ್ಮೆ ಕೇಳಿ. ಚಿಕ್ಕವರ ಹಿಂದೆ ಹತ್ತು ವರ್ಷದ ಅಕ್ಕನೋ ಅಣ್ಣನೋ ಯಾವಾಗಲೂ ಇರುತ್ತಿದ್ದರು. ಈಗ ನಿಮ್ಮ ಮನೆಯಲ್ಲಿ ಅಕ್ಕನಿಗೇ ಐದು ವರ್ಷ. ಆಗ ಮನೆಗೆ ದಿನಕ್ಕೆ ಹತ್ತು ಜನ ಅಪರಿಚಿತರು ಬರುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬುಕಿಂಗ್‌ಗೆ ಫೋನ್ ಹೊಡೆದುಕೊಳ್ಳುತ್ತಿರಲಿಲ್ಲ. ಅದೇ ನೀರು, ಸರಿ. ಮನೆ ಬೇರೆ ಆಗಿದೆ. ಇದನ್ನು ಜಗಳಕ್ಕೆ ತರಬೇಡಿ. ಊಟ ಮುಗಿಸಿ ಕೂತಾಗ ಹೇಳಿ, ಅತ್ತೆಯವರ ಎದುರಿಗೇ ಹೇಳಿ.

ಇನ್ನು ಹಿನ್ನೀರಿನ ಸ್ವಭಾವ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಕೆರೆಯ ದಡ ಹೆಚ್ಚೂಕಡಿಮೆ ಇದ್ದಲ್ಲೇ ಇರುತ್ತದೆ. ಹಿನ್ನೀರಿನ ದಡ ಹಾಗಲ್ಲ, ಅದು ನಡೆದಾಡುತ್ತದೆ. ಮೇ ತಿಂಗಳಲ್ಲಿ ನೀರು ಎಲ್ಲೋ ದೂರ. ಮಧ್ಯೆ ಕೆಂಪು ಮಣ್ಣಿನ ಬಯಲು, ಸತ್ತ ಮರಗಳ ಬೊಡ್ಡೆ. ನೀರು ತೀರಾ ಇಳಿದ ವರ್ಷ ಹಿರೇಭಾಸ್ಕರದ ಹಳೆ ಅಣೆಕಟ್ಟು ಕೂಡ ಕಾಣುತ್ತದೆ. ಮಳೆ ಹಿಡಿದ ಮೇಲೆ ಅದೇ ನೀರು ದಿನದಿನಕ್ಕೆ ಮೇಲೆ ಬರುತ್ತಾ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ದಣಪೆಯ ಹತ್ತಿರ ನಿಂತಿರುತ್ತದೆ. ನಿಮ್ಮ ಮಗನ ಕಣ್ಣಿಂದ ನೋಡಿ. ಬೇಸಿಗೆಯಲ್ಲಿ ದಣಪೆ ಆಚೆ ಅವನಿಗೆ ಆಟದ ಬಯಲು. ಅಪ್ಪನ ಹೆಗಲ ಮೇಲೆ ಕೂತು ಅಲ್ಲಿಗೆ ಹೋಗಿದ್ದಾನೆ, ಚೆಂಡು ಆಡಿದ್ದಾನೆ. ಆಗಸ್ಟಿನಲ್ಲಿ ಅವನು ಹೊರಟಿದ್ದು ಆ ಬಯಲಿಗೆ. ನೀರಿಗೆ ಹೋಗಬೇಕು ಅಂತ ಹೊರಟವನಲ್ಲ ಅವನು.

ನೀರಿಗೆ ಇಳಿಯುವ ಕಡೆಯೂ ಹಾಗೆ. ಅಡಿಯಲ್ಲಿರುವುದು ಹಿಂದೆ ಜನ ಬಾಳಿದ ಜಮೀನು. ಗದ್ದೆಯ ಮೆಟ್ಟಿಲುಗಳು ಹಾಗೇ ಇವೆ. ಮೊಣಕಾಲು ನೀರಲ್ಲಿ ನಡೆಯುತ್ತಿದ್ದವರು ಗದ್ದೆ ಅಂಚು ದಾಟಿದ ಕೂಡಲೇ ಎದೆಮಟ್ಟಕ್ಕೆ ಇಳಿಯುತ್ತಾರೆ. ಕಾಲಿಗೆ ಜೇಡಿ, ಬೊಡ್ಡೆ. ಊರಿನ ದೊಡ್ಡವರಿಗೆ ಇದು ಗೊತ್ತು. ಮಗುವಿಗೆ ಗೊತ್ತಿಲ್ಲ. ಬೆಂಗಳೂರಿಂದ ಬಂದ ಗೆಸ್ಟ್‌ಗಂತೂ ಗೊತ್ತೇ ಇಲ್ಲ.

ದಡವೇ ನಡೆದಾಡುವಾಗ ನೀರಿಗೆ ಬೇಲಿ ಹಾಕಲು ಆಗುವುದಿಲ್ಲ. ಮಗು ಇರುವ ಜಾಗಕ್ಕೆ ಹಾಕಿ. ಅಡುಗೆಮನೆ ಬಾಗಿಲಿನಿಂದ ಪೂರ್ತಿ ಕಾಣುವ ಹಾಗೆ ಅಂಗಳದ ಒಂದು ಮೂಲೆ ಆರಿಸಿಕೊಳ್ಳಿ. ದೊಡ್ಡ ಜಾಗ ಬೇಡ, ಎರಡು ಮಂಚ ಹಿಡಿಯುವಷ್ಟು ಸಾಕು. ನಾಲ್ಕು ಅಡಿ ಎತ್ತರದ ಬೇಲಿ ಇರಲಿ. ಅಡಿಕೆ ಮರ ಸೀಳಿದ ದಬ್ಬೆ ನಿಮ್ಮಲ್ಲಿ ಹೇಗೂ ಇದೆ. ದಬ್ಬೆಗಳನ್ನು ನಿಲ್ಲಿಸಿ ಹೊಡೆಸಿ, ಅಡ್ಡಕ್ಕೆ ಹೊಡೆಸಬೇಡಿ. ಎರಡರ ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಸಂದು ಬೇಡ. ದಬ್ಬೆಯ ಸಿಬುರು ಚುಚ್ಚುತ್ತದೆ, ಚೆನ್ನಾಗಿ ಹೆರೆಸಿ. ಕಟ್ಟುವ ಅಡ್ಡಪಟ್ಟಿ ಹೊರಗಡೆಗೆ ಬರಲಿ. ಒಳಗಡೆ ಇದ್ದರೆ ಅದೇ ಮೆಟ್ಟಿಲಾಗುತ್ತದೆ.

ಇಲ್ಲಿ ದಣಪೆಯ ವಿಷಯ ಹೇಳಲೇಬೇಕು. ದನ ಬರಬಾರದು, ಮನುಷ್ಯರು ಓಡಾಡಬೇಕು ಅಂತ ನಮ್ಮ ಹಿರಿಯರು ಮಾಡಿದ್ದು ಅದು. ಅದಕ್ಕೆ ಅದು ಸರಿಯಾಗೇ ಇದೆ. ಅಡ್ಡಡ್ಡ ಗಳುಗಳು, ಒಂದರ ಮೇಲೊಂದು. ಎರಡು ವರ್ಷದ ಹುಡುಗನಿಗೆ ಅದು ಏಣಿ. ಮೊದಲ ಗಳುವಿನ ಕೆಳಗೆ ನುಸುಳಬಹುದು, ಮೇಲೆ ಹತ್ತಲೂಬಹುದು. ನೀರಿನ ಕಡೆಯ ದಣಪೆ ತೆಗೆಸಿ ಗೇಟು ಇಡಿಸಿ. ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುವ ಹಾಗಿರಲಿ. ಸ್ಪ್ರಿಂಗ್ ಹಾಕಿಸಬಹುದು, ಇಲ್ಲವೇ ಗೇಟನ್ನು ಸ್ವಲ್ಪ ವಾಲಿಸಿ ಕೂರಿಸಿದರೂ ಆಯಿತು. ಚಿಲಕ ಮೇಲೆ, ಹೊರಮುಖಕ್ಕೆ. ಗೆಸ್ಟ್‌ಗಳು ಗೇಟು ಹಾಕುವುದಿಲ್ಲ, ಅದು ಗೊತ್ತಿರುವ ವಿಷಯ. ಅದಕ್ಕೇ ಅದು ತಾನಾಗಿ ಮುಚ್ಚಬೇಕು. ಬೋರ್ಡ್ ಬರೆಸಿ ಹಾಕಿದರೆ ಅದರ ಜೊತೆ ಒಂದು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ.

ಬೇಲಿ ಆದ ಮೇಲೂ ಜನ ಬೇಕು. ನಾನು ಹೇಳುವುದು ಇಷ್ಟೇ: ದಿನದ ಯಾವ ಹೊತ್ತಿಗೂ "ಈಗ ಮಗ ಯಾರ ಪಾಲಿಗೆ?" ಅಂತ ಕೇಳಿದರೆ ಒಂದೇ ಹೆಸರು ಬರಬೇಕು. "ಅತ್ತೇನೂ ನೋಡ್ತಾರೆ, ಇವರೂ ಇದ್ದಾರೆ" ಅನ್ನುವ ಉತ್ತರ ಬಂದರೆ ಯಾರೂ ನೋಡುತ್ತಿಲ್ಲ ಅಂತಲೇ ಲೆಕ್ಕ. ಪಾಳಿ ಹಾಕಿಕೊಳ್ಳಿ. ಊದುವ ಸೀಟಿ ಒಂದಕ್ಕೆ ಕೆಂಪು ದಾರ ಕಟ್ಟಿ. ಅದು ಯಾರ ಕೊರಳಲ್ಲಿದೆಯೋ ಮಗು ಅವರದು. ಪಾಳಿ ಬದಲಾಗುವಾಗ ದಾರ ಕೊರಳಿಂದ ಕೊರಳಿಗೆ ಹೋಗಬೇಕು, "ತಗೋ, ಈಗ ನಿನ್ನದು" ಅಂತ ಬಾಯಿಬಿಟ್ಟು ಹೇಳಬೇಕು. ದಾರ ಹಾಕಿಕೊಂಡವರು ಬುಕಿಂಗ್ ಫೋನ್ ಎತ್ತಬಾರದು, ಬಡಿಸಬಾರದು, ಸ್ನಾನಕ್ಕೆ ಹೋಗಬಾರದು. ಮೊದಮೊದಲು ನಾಟಕದ ಹಾಗೆ ಅನಿಸುತ್ತದೆ. ಒಂದು ವಾರದಲ್ಲಿ ರೂಢಿಯಾಗುತ್ತದೆ. ಮಗಳೂ "ದಾರ ಯಾರ ಹತ್ರ?" ಅಂತ ಕೇಳಲು ಶುರು ಮಾಡುತ್ತಾಳೆ ನೋಡಿ. ಆದರೆ ಆ ದಾರ ಯಾವತ್ತೂ ಅವಳ ಕೊರಳಿಗೆ ಹೋಗಕೂಡದು. ತಮ್ಮನನ್ನು ಕಾಯುವುದು ಐದು ವರ್ಷದವಳ ಕೆಲಸ ಅಲ್ಲ.

ಅತ್ತೆಯವರ ವಿಷಯ ಸ್ವಲ್ಪ ನಾಜೂಕು. ಅವರ ಮಂಡಿ ಹೇಗಿದೆ, ನೀವು ಬರೆದಿಲ್ಲ. ಎರಡು ವರ್ಷದ ಮಗು ಓಡಿದರೆ ಹಿಂದೆ ಓಡಲು ಆಗದವರಿಗೆ ಅಂಗಳದ ಪಾಳಿ ಕೊಡಬಾರದು. ಬೇಲಿಯೊಳಗಿನ ಪಾಳಿ, ಕತೆ ಹೇಳಿ ಮಲಗಿಸುವ ಪಾಳಿ ಕೊಡಿ. "ನಿಮ್ಮಿಂದ ಆಗಲ್ಲ" ಅಂತ ಹೇಳುವ ಅಗತ್ಯವೇ ಇಲ್ಲ. "ಅತ್ತೆ, ಮಧ್ಯಾಹ್ನ ಇವನನ್ನ ಮಲಗಿಸೋದು ನಿಮ್ಮ ಕೈಲೇ ಆಗೋದು" ಅಂದರೆ ಆಯಿತು. ಅದು ನಿಜವೂ ಹೌದು.

ನಿಮ್ಮ ದಿನದಲ್ಲಿ ಅಪಾಯದ ಹೊತ್ತು ಯಾವುದು ಅಂತ ನಿಮಗೇ ಗೊತ್ತು. ಬೆಳಿಗ್ಗೆ ತಿಂಡಿ ಮತ್ತು ಚೆಕ್‌ಔಟ್ ಒಟ್ಟಿಗೇ ಬರುವ ಹೊತ್ತು. ಮಧ್ಯಾಹ್ನದ ಊಟ. ಸಂಜೆ ಹೊಸಬರು ಬಂದು ಟೀ ಕೇಳುವ, ದೋಣಿ ಕೇಳುವ ಹೊತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆಯ ಹಿತ್ತಲಲ್ಲೇ ಕೊಳ. ಅಲ್ಲಿ ಪುಟ್ಟ ಮಕ್ಕಳು ಜಾಸ್ತಿ ಮುಳುಗುತ್ತಿದ್ದದ್ದು ಬೆಳಿಗ್ಗೆ ತಾಯಂದಿರು ಮನೆಗೆಲಸ, ಅಡುಗೆಯಲ್ಲಿ ಮುಳುಗಿರುವ ಹೊತ್ತಲ್ಲಿ. ಅವರು "ಆಂಚಲ್" ಅಂತ ಊರೂರಲ್ಲಿ ಮಕ್ಕಳ ಮನೆ ಶುರು ಮಾಡಿದರು. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಊರಿನದೇ ಒಬ್ಬ ಹೆಂಗಸು ಐದು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಯಾವ ಯಂತ್ರವೂ ಇಲ್ಲ, ಔಷಧಿಯೂ ಇಲ್ಲ. ಆ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹಳ ಮಟ್ಟಿಗೆ ತಗ್ಗಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ನೀರಿನ ಹತ್ತಿರದ ಊರುಗಳಿಗೆ ಇದನ್ನೇ ಹೇಳುತ್ತದೆ.

ನಿಮಗೆ ಬೇಕಾದದ್ದೂ ಅದೇ, ನಾಲ್ಕು ತಾಸಿನ ಒಂದು ಜೊತೆ ಕೈ. ನಮ್ಮಲ್ಲಿ ಗ್ರಾಮ ಪಂಚಾಯ್ತಿಗಳಲ್ಲಿ "ಕೂಸಿನ ಮನೆ" ಶುರುವಾಗಿವೆ. ಅವು ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ. ನಿಮ್ಮ ಪಂಚಾಯ್ತಿಯಲ್ಲಿ ಇದ್ದರೆ ಜಾಗ ಇದೆಯಾ ಅಂತ ಪಿಡಿಒ ಅವರನ್ನು ಕೇಳಿ ನೋಡಿ. ಮೂರು ತುಂಬಿದ ಮೇಲೆ ಅಂಗನವಾಡಿ ಇದ್ದೇ ಇದೆ. ಆದರೆ ನಿಮ್ಮ ಕಷ್ಟ ಶನಿವಾರ, ಭಾನುವಾರದ್ದು. ಅದಕ್ಕೆ ಊರಿನ ಒಬ್ಬ ಹೆಂಗಸನ್ನು ವಾರಕ್ಕೆ ಎರಡು ದಿನ ಇಟ್ಟುಕೊಳ್ಳಿ, ಮಕ್ಕಳಿಗೆ ಮಾತ್ರ. ಪಾತ್ರೆಗೂ ಅವರೇ, ಮಕ್ಕಳಿಗೂ ಅವರೇ ಅಂದರೆ ಪಾತ್ರೆ ತೊಳೆದಾಗುತ್ತದೆ, ಮಕ್ಕಳು ಇದ್ದಲ್ಲೇ ಇರುತ್ತವೆ. ಖರ್ಚು ಅಂತ ಯಜಮಾನರು ಹೇಳಬಹುದು. ನಾಲ್ಕು ರೂಮಿನಲ್ಲಿ ಒಂದು ರೂಮಿನ ಒಂದು ರಾತ್ರಿಯ ಬಾಡಿಗೆ ಪಕ್ಕಕ್ಕಿಟ್ಟರೆ ಎರಡು ದಿನದ ಕೂಲಿ ಹೊರಟು ಸ್ವಲ್ಪ ಮಿಗುತ್ತದೆ. ಲಾಂಡ್ರಿ, ಗ್ಯಾಸ್ ಲೆಕ್ಕ ಬರೆಯುವ ಪುಸ್ತಕದಲ್ಲೇ ಇದನ್ನೂ ಬರೆಯಿರಿ. ಇದು ಹೋಮ್‌ಸ್ಟೇ ನಡೆಸುವ ಖರ್ಚು, ನಿಮ್ಮ ಸುಖದ ಖರ್ಚಲ್ಲ.

ಹೊಳೆಯ ಮೇಲೇ ಕಣ್ಣಿಟ್ಟು ಬಚ್ಚಲುಮನೆ ಮರೆಯಬೇಡಿ. ಎರಡು ವರ್ಷದ ಮಗುವಿಗೆ ನೀರು ತುಂಬಿದ ಬಕೆಟ್ ಸಾಕು. ತಲೆ ಭಾರ, ಬಗ್ಗಿ ನೋಡಿದರೆ ಮಗುಚಿಕೊಳ್ಳುತ್ತವೆ, ವಾಪಸ್ ಏಳಲು ಬರುವುದಿಲ್ಲ. ಗೆಸ್ಟ್ ರೂಮಿನ ಬಕೆಟ್‌ಗಳನ್ನು ತೊಳೆದು ಬೋರಲು ಹಾಕಿ. ಬಚ್ಚಲ ತೊಟ್ಟಿಗೆ ಮುಚ್ಚಳ ಮಾಡಿಸಿ. ಹಂಡೆ ಒಲೆಯ ಮುಂದೆ ಅಡ್ಡಗಟ್ಟೆ ಇರಲಿ. ಚಳಿಗಾಲದಲ್ಲಿ ಗೆಸ್ಟ್‌ಗಳಿಗೆ ಬಿಸಿನೀರು ಹೊತ್ತುಕೊಂಡು ಹೋಗುವಾಗ ಕಾಲಿಗೆ ಸಿಕ್ಕುವ ಮಗು ಸುಟ್ಟುಕೊಳ್ಳುವುದು ಹೊಸದೇನಲ್ಲ. ತೋಟದ ಬಸಿಗಾಲುವೆ, ಬಾವಿಕಟ್ಟೆ ಒಮ್ಮೆ ಸುತ್ತಿ ನೋಡಿ. ಇನ್ನೊಂದು, ಇದು ನಿಮ್ಮಂಥ ಮನೆಗಳಲ್ಲೇ ಜಾಸ್ತಿ. ಫಿನಾಯಿಲ್, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಐದು ಲೀಟರ್ ಕ್ಯಾನಿನಲ್ಲಿ ತರುತ್ತೀರಿ. ಆಮೇಲೆ ರೂಮಿಗೊಂದರಂತೆ ಗೆಸ್ಟ್ ಬಿಟ್ಟುಹೋದ ಕೋಲಾ ಬಾಟಲಿಗೆ ತುಂಬಿಸಿಡುತ್ತೀರಿ. ಮಗುವಿಗೆ ಬಾಟಲಿಯ ಗುರುತು ಮಾತ್ರ ಗೊತ್ತು. ಇವತ್ತೇ ಅವನ್ನೆಲ್ಲ ಎಸೆದು, ಕ್ಯಾನನ್ನೇ ಬೀಗ ಹಾಕುವ ಕಪಾಟಿನಲ್ಲಿಡಿ.

ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಬಗ್ಗೆ ನಿಮಗೆ ಹೊರಗಿನವರು ಹೇಳಬೇಕಾಗಿಲ್ಲ. 2018-19ರಲ್ಲಿ ಅರಳಗೋಡಿನಲ್ಲಿ ಅದರಿಂದ ಜನ ಸತ್ತದ್ದು ನಿಮ್ಮ ತಾಲ್ಲೂಕಿನದೇ ಕತೆ. ಡಿಸೆಂಬರ್‌ನಿಂದ ಮೇವರೆಗೆ ದರಕಿನ, ಅಂದರೆ ಒಣ ಎಲೆಯ, ರಾಶಿ ಮೇಲೆ ಮಕ್ಕಳು ಕುಣಿಯುವುದು ಬೇಡ. ರಾತ್ರಿ ಸ್ನಾನ ಮಾಡಿಸುವಾಗ ಕಿವಿಹಿಂದೆ, ಕಂಕುಳು, ತೊಡೆಸಂದಿ ನೋಡಿ, ಉಣುಗು ಇದ್ದರೆ ತೆಗೆಯಿರಿ. ಗೆಸ್ಟ್ ಮಕ್ಕಳ ಅಪ್ಪ ಅಮ್ಮನಿಗೂ ಹೇಳಿ.

ಈಜು ಕಲಿಸಿ, ಖಂಡಿತ ಕಲಿಸಿ. ಮಗಳಿಗೆ ಆರು ತುಂಬಲಿ. ಆಗ ಅಪ್ಪನೇ ಗುರು. ನೀರಲ್ಲೇ ಬೆಳೆದವರು ಅಂತ ಹೇಳುತ್ತಾರಲ್ಲ, ಅದಕ್ಕೆ ಇದೇ ಸರಿಯಾದ ಕೆಲಸ. ಮೊದಲು ಕೈಕಾಲು ಬಡಿಯುವುದನ್ನು ಕಲಿಸುವುದಲ್ಲ. ಅಂಗಾತ ತೇಲುವುದು, ಬಾಯಿ ಮೇಲಿಟ್ಟು ಉಸಿರಾಡುವುದು, ಬಿದ್ದ ಕೂಡಲೇ ತಿರುಗಿ ದಡ ಹಿಡಿಯುವುದು, ಇಷ್ಟು ಬಂದರೆ ಉಳಿದದ್ದು ತಾನಾಗೇ ಬರುತ್ತದೆ. ಕೈಗೆ ಹಾಕುವ ಗಾಳಿ ಬಳೆಗಳು ಆಟದ ಸಾಮಾನು, ಅವನ್ನು ನಂಬಬೇಡಿ. ದೋಣಿಗೆ ಮಕ್ಕಳ ಅಳತೆಯದೇ ಲೈಫ್ ಜಾಕೆಟ್ ತನ್ನಿ, ಎಷ್ಟು ಕಿಲೋ ತೂಕದ ಮಗುವಿಗೆ ಅಂತ ಅದರ ಮೇಲೆ ಬರೆದಿರುತ್ತದೆ. ಕಾಲಸಂದಿಯಿಂದ ಬರುವ ಪಟ್ಟಿ ಇರಬೇಕು. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ, ನೀರಿಗೆ ಬಿದ್ದಾಗ ಜಾಕೆಟ್ ತಲೆಯ ಮೇಲಿಂದ ಕಳಚಿ ತೇಲುತ್ತದೆ, ಮಗು ಜಾರಿ ಕೆಳಗೆ ಹೋಗುತ್ತದೆ. ಗೆಸ್ಟ್‌ಗಳ ಮಕ್ಕಳಿಗೂ ಅವೇ ಜಾಕೆಟ್ ಬೇಕಾಗುತ್ತವೆ. ಹಾಗಾಗಿ ಎರಡು ಮೂರು ಅಳತೆಯವು ಇರಲಿ. ಈಜು ಬಂದ ಮೇಲೂ ಕಾಯುವುದು ತಪ್ಪುವುದಿಲ್ಲ.

ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ. ಕಾಪಾಡಲು ಹೋದವರೇ ಮುಳುಗುವುದನ್ನು ಪೇಪರಿನಲ್ಲಿ ನೋಡುತ್ತಲೇ ಇರುತ್ತೀರಿ. ಮುಚ್ಚಳ ಬಿಗಿ ಮಾಡಿದ ಐದು ಲೀಟರಿನ ಖಾಲಿ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ದೋಣಿ ಕಟ್ಟುವಲ್ಲಿ ನೇತುಹಾಕಿ. ಒಳಗೆ ಒಂದು ಲೋಟ ನೀರಿದ್ದರೆ ದೂರ ಎಸೆಯಲು ಆಗುತ್ತದೆ. ಮಗುವನ್ನು ಎತ್ತಿದ ಮೇಲೆ ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು, ಗಿರಗಿರ ತಿರುಗಿಸುವುದು ಬೇಡವೇ ಬೇಡ. ಅದರಲ್ಲಿ ಹೊತ್ತು ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕ್ಕೆ ಹೋಗುತ್ತದೆ. ಗಟ್ಟಿ ನೆಲದ ಮೇಲೆ ಮಲಗಿಸಿ. ಉಸಿರಿಲ್ಲದಿದ್ದರೆ ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸಲ ಊದಿ, ಎದೆ ಏಳಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತು, ಎರಡು ಉಸಿರು, ಮತ್ತೆ 30. ಎದೆಯ ಮೂರನೇ ಒಂದು ಭಾಗ ಇಳಿಯುವಷ್ಟು ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲದ ವೇಗ. ಒಬ್ಬರು ಇದನ್ನು ಮಾಡುತ್ತಿದ್ದರೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಒಬ್ಬರೇ ಇದ್ದರೆ ಒಂದು ನಿಮಿಷ ಮಾಡಿ, ಆಮೇಲೆ ಫೋನ್ ಸ್ಪೀಕರ್‌ಗೆ ಹಾಕಿ ಮುಂದುವರಿಸಿ. ಮಗು ಎಚ್ಚರಗೊಂಡು ಅತ್ತರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ತಾಸು ಕಳೆದ ಮೇಲೆ ಉಸಿರಾಟ ಕೆಡುವುದುಂಟು. ಓದಿದರೆ ಇದು ಕೈಗೆ ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೋ ಅಗ್ನಿಶಾಮಕದವರ ಹತ್ತಿರವೋ ಕೇಳಿ, ಬೊಂಬೆಯ ಮೇಲೆ ಒತ್ತಿ ಕಲಿಯಿರಿ. ನಿಮ್ಮ ಸುತ್ತಿನ ಹೋಮ್‌ಸ್ಟೇಗಳವರೆಲ್ಲ ಸೇರಿ ಕೇಳಿದರೆ ಅವರೇ ಬಂದು ಹೇಳಿಕೊಟ್ಟಾರು.

ಈಗ ಮಗಳ ವಿಷಯ. ನೀವು ಅತ್ತಿದ್ದು ಯಾಕೆ ಅಂತ ಅರ್ಥವಾಗುತ್ತದೆ. ಆದರೆ ಅವಳ ಮಾತನ್ನು ದೂರು ಅಂತ ತೆಗೆದುಕೊಳ್ಳಬೇಡಿ. ಅವಳು ಲೆಕ್ಕ ಸರಿಯಾಗಿ ಹಾಕಿದ್ದಾಳೆ. ಈ ಮನೆಯಲ್ಲಿ ಗೆಸ್ಟ್ ಕರೆದರೆ ಅಮ್ಮ ಕೂಡಲೇ ಹೋಗುತ್ತಾಳೆ, ನಾನು ಕರೆದರೆ "ಇರು, ಬಂದೆ" ಅನ್ನುತ್ತಾಳೆ. ಗೆಸ್ಟ್‌ಗೆ ಬಿಸಿ ರೊಟ್ಟಿ, ನನಗೆ ಅವರದೆಲ್ಲ ಮುಗಿದ ಮೇಲೆ. ಹಾಗಾದರೆ ಗೆಸ್ಟ್ ಆಗೋದೇ ವಾಸಿ! ಅವಳು ಕೇಳಿದ್ದನ್ನು ಕೊಟ್ಟುಬಿಡಿ. ಮಂಗಳವಾರವೋ ಬುಧವಾರವೋ ರೂಮು ಖಾಲಿ ಇರುವ ದಿನ ಅವಳ ಹೆಸರು ರಿಜಿಸ್ಟರಿನಲ್ಲಿ ಬರೆಯಿರಿ. ಚೀಲ ಹಿಡಿದುಕೊಂಡು ಗೇಟಿಂದ ಬರಲಿ. ಅಪ್ಪ ಚೆಕ್‌ಇನ್ ಮಾಡಿಸಲಿ. ರಾತ್ರಿ ನೀವು ಮೂವರೂ, ತಮ್ಮನ ಜೊತೆ, ಆ ರೂಮಿನಲ್ಲೇ ಮಲಗಿ. ಬೆಳಿಗ್ಗೆ ಏನು ತಿಂಡಿ ಬೇಕು ಅಂತ ಅವಳನ್ನು ಕೇಳಿ, ಕಡುಬು ಅಂದರೆ ಕಡುಬು.

ಇದು ಆಟ. ದಿನನಿತ್ಯಕ್ಕೆ ಬೇರೆ ಏರ್ಪಾಡು ಬೇಕು. ಮೊದಲನೆಯದು ಊಟ. ಗೆಸ್ಟ್‌ಗಳ ಊಟ ಒಂದೂವರೆಗಾದರೆ ಮಕ್ಕಳದು ಹನ್ನೆರಡೂವರೆಗೆ ಮುಗಿದಿರಬೇಕು. ಅನ್ನ, ತಂಬುಳಿ, ಒಂದು ಪಲ್ಯ ಆ ಹೊತ್ತಿಗೆ ಆಗಿರುತ್ತದೆ. ನೀವು ಹತ್ತು ನಿಮಿಷ ಅವರ ಜೊತೆ ನೆಲಕ್ಕೆ ಕೂತು ತಿನ್ನಿ. ಹೊಟ್ಟೆ ತುಂಬಿದ ಮಗು ಚಿಪ್ಸಿಗೆ ಹೋಗುವುದೂ ಕಡಿಮೆ, ಕಿರಿಕಿರಿಯೂ ಕಡಿಮೆ. ಎರಡನೆಯದು ನಿದ್ದೆ. ಐದು ವರ್ಷದವಳಿಗೆ ದಿನಕ್ಕೆ ಕನಿಷ್ಠ ಹತ್ತು ತಾಸು, ಎರಡು ವರ್ಷದವನಿಗೆ ಹನ್ನೊಂದು ತಾಸಾದರೂ ಬೇಕು, ಮಧ್ಯಾಹ್ನದ್ದೂ ಸೇರಿ. ಗೆಸ್ಟ್‌ಗಳ ಕ್ಯಾಂಪ್‌ಫೈರ್ ಶುರುವಾಗುವುದೇ ಎಂಟಕ್ಕೆ. ಮಕ್ಕಳು ಅಲ್ಲಿದ್ದರೆ ಹನ್ನೊಂದಾದರೂ ಮಲಗುವುದಿಲ್ಲ. ಭಾನುವಾರ ರಾತ್ರಿ ಹಾಗಾದರೆ ಸೋಮವಾರ ಸ್ಕೂಲಿಗೆ ಅಳುತ್ತಾಳೆ. ಎಂಟೂವರೆಗೆ ಅಜ್ಜಿ ಜೊತೆ ಹಿಂದಿನ ಕೋಣೆಗೆ, ಸ್ಪೀಕರಿನ ಸದ್ದು ಹತ್ತಕ್ಕೆ ಬಂದ್. ಇದು ಮನೆಯ ನಿಯಮ ಅಂತ ಬುಕಿಂಗ್ ಮಾಡುವಾಗಲೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಒಳ್ಳೆ ಗೆಸ್ಟ್‌ಗಳು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಡುಗೆ ಮಾಡುವಾಗ ಮಗನ ಕೈಗೆ ಮೊಬೈಲ್ ಕೊಡುತ್ತೀರಾ? ಬರೆದಿಲ್ಲ, ಕೊಡುತ್ತೀರಿ ಅಂದುಕೊಳ್ಳುತ್ತೇನೆ. ಎರಡು ವರ್ಷದಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಎಣ್ಣೆ ಬಾಣಲೆ ಮುಂದೆ ನಿಂತಿರುವಾಗ ಇಪ್ಪತ್ತು ನಿಮಿಷ ಅವನು ಬೇಲಿಯೊಳಗೆ ಕೂತು ಹಾಡು ನೋಡಿದರೆ ನಾನು ಬೈಯುವುದಿಲ್ಲ. ನನಗೆ ಜಾಸ್ತಿ ಚಿಂತೆ ದೊಡ್ಡವರ ಕೈಯ ಮೊಬೈಲಿನದು.

ಟೀ ಲೋಟ ಕೊಡುವುದರಲ್ಲಿ ತಪ್ಪಿಲ್ಲ. ಮನೆಗೆಲಸ ನೋಡುತ್ತಾ ಬೆಳೆದ ಮಕ್ಕಳು ಚುರುಕಾಗುತ್ತವೆ. ಕಾನೂನು ಕೂಡ, 2016ರ ತಿದ್ದುಪಡಿಯ ಪ್ರಕಾರ, ಸ್ಕೂಲು ಮುಗಿದ ಮೇಲೆ ಅಥವಾ ರಜೆಯಲ್ಲಿ ಅಪಾಯವಿಲ್ಲದ ಕೆಲಸದಲ್ಲಿ ಮಕ್ಕಳು ಮನೆಯ ಉದ್ಯೋಗಕ್ಕೆ ಕೈಜೋಡಿಸುವುದನ್ನು ತಡೆಯುವುದಿಲ್ಲ. ನಾನು ನೋಡುವ ಗೆರೆ ಬೇರೆ. ಅವಳಿಗೆ ಬೇಜಾರಾದಾಗ ಬಿಟ್ಟು ಓಡಬಹುದಾ? ಹೌದಾದರೆ ಅದು ಆಟ. "ಅಂಕಲ್ ಕಾಯ್ತಿದ್ದಾರೆ, ಹೋಗಿ ಕೊಡು" ಅಂತ ಕಳಿಸಿದರೆ ಕೆಲಸ. ಬಿಸಿ ಲೋಟವಂತೂ ಬೇಡ. ನೀರಿನ ಬಾಟಲಿ, ಬಾಳೆಹಣ್ಣು ಕೊಡಲಿ. "ಒಂದು ಹಾಡು ಹೇಳು ಪುಟ್ಟಿ", "ಡ್ಯಾನ್ಸ್ ಮಾಡು" ಅಂತ ಗೆಸ್ಟ್‌ಗಳು ಕೇಳಿದಾಗ ನೀವು ಹೂಂ ಅನ್ನಬೇಡಿ. ಅವಳು ನಿಮ್ಮ ಮನೆಯ ಮನರಂಜನೆ ಕಾರ್ಯಕ್ರಮ ಅಲ್ಲ.

ವಿಡಿಯೋ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮಗುವಿನ ಮುಖ, ಹೆಸರು, ಹೋಮ್‌ಸ್ಟೇ ಇರುವ ಜಾಗ ಮೂರೂ ಒಂದೇ ರೀಲ್‌ನಲ್ಲಿ ಹೋದರೆ ನಿಮ್ಮ ಮಗು ಎಲ್ಲಿ ಸಿಗುತ್ತದೆ ಅಂತ ಊರಿಗೆಲ್ಲ ಹೇಳಿದ ಹಾಗೆ. "ಮಕ್ಕಳ ಫೋಟೋ ಬೇಡ, ದಯವಿಟ್ಟು" ಅಂತ ನಗುತ್ತಲೇ ಹೇಳಿ. ನಿಮ್ಮ ಸ್ವಂತ ಪೇಜಿನಲ್ಲೂ ಹಾಕಬೇಡಿ, ಎಷ್ಟು ಬುಕಿಂಗ್ ತಂದರೂ. ಗೆಸ್ಟ್ ರೂಮಿನೊಳಗೆ, ಗೆಸ್ಟ್ ಕಾರಿನಲ್ಲಿ, ಗೆಸ್ಟ್ ಜೊತೆ ದೋಣಿಯಲ್ಲಿ ಮಕ್ಕಳು ಇರಕೂಡದು. ಎಷ್ಟೇ ಪರಿಚಯದವರಾದರೂ, ವರ್ಷವರ್ಷ ಬರುವವರಾದರೂ. ಇದನ್ನು ಹೆದರಿಸಿ ಹೇಳಬೇಡಿ, ಹಲ್ಲುಜ್ಜುವ ನಿಯಮದ ಹಾಗೆ ಹೇಳಿ. ಅಮ್ಮನಿಗೆ ಹೇಳಬೇಡ ಅಂತ ಯಾರಾದರೂ ಅಂದರೆ ಅದನ್ನೇ ಮೊದಲು ಬಂದು ಅಮ್ಮನಿಗೆ ಹೇಳು, ಅಷ್ಟು ಕಲಿಸಿದರೆ ಸಾಕು. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ, ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಅಂತ ಸುಮ್ನೆ ಇರಬೇಡಿ.

ಸೇತುವೆ ಬಂದ ಮೇಲೆ ಆದ ಒಂದು ಬದಲಾವಣೆಯನ್ನು ನೀವು ಗಮನಿಸಿರುತ್ತೀರಿ. ಮೊದಲು ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಕೊನೆಯ ಲಾಂಚ್ ಹೋಯಿತೆಂದರೆ ಆವತ್ತಿನ ಗೆಸ್ಟ್‌ಗಳ ಲೆಕ್ಕ ಮುಗಿಯಿತು. ರಾತ್ರಿ ನಿಮ್ಮದು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ರಾತ್ರಿ ಹತ್ತಕ್ಕೂ "ರೂಮಿದೆಯಾ" ಅಂತ ಕಾರು ಬಂದು ನಿಲ್ಲಬಹುದು. ಜ್ವರ ಬಂದ ಮಗುವನ್ನು ನಡುರಾತ್ರಿ ಸಾಗರಕ್ಕೆ ಒಯ್ಯುವ ಹಾಗಾಯಿತಲ್ಲ, ಅದು ದೊಡ್ಡದು. ವೈದ್ಯೆಯಾಗಿ ನನಗಂತೂ ಆ ಸೇತುವೆ ಬಗ್ಗೆ ಒಳ್ಳೆಯ ಮಾತೇ ಇದೆ. ಆದರೆ ಮೊದಲು ಲಾಂಚ್ ಮಾಡುತ್ತಿದ್ದ ಕೆಲಸವನ್ನು ಈಗ ನೀವೇ ಮಾಡಬೇಕು. ಏಳು ಗಂಟೆ ಮೇಲೆ ಚೆಕ್‌ಇನ್ ಇಲ್ಲ ಅಂತ ಗಟ್ಟಿಯಾಗಿ ಹೇಳಿ. ವಾರಕ್ಕೆ ಒಂದು ದಿನ ಬುಕಿಂಗ್ ಕ್ಯಾಲೆಂಡರ್ ಮುಚ್ಚಿ. ಮಳೆಗಾಲದಲ್ಲಿ ಗೆಸ್ಟ್ ಕಡಿಮೆ ಅಂತ ನೀವು ಆಗ ವಿಶ್ರಾಂತಿ ಅಂದುಕೊಂಡರೆ, ಅದೇ ಹೊತ್ತಿಗೆ ನೀರು ಅಂಗಳದ ಹತ್ತಿರ ಬರುತ್ತಿರುತ್ತದೆ, ಕಲ್ಲಿಗೆ ಪಾಚಿ ಹಿಡಿದಿರುತ್ತದೆ. ಆಗ ದಾರದ ಪಾಳಿ ಸಡಿಲ ಮಾಡಬೇಡಿ.

ಸಾಗರಕ್ಕೆ ಹೋಗಬೇಕಾ? ನನ್ನ ಕೇಳಿದರೆ ಈಗ ಬೇಡ. ಹೋದರೆ ವಾರದ ಐದು ದಿನ ಮಕ್ಕಳಿಗೆ ಅಪ್ಪ ಇಲ್ಲ, ಎರಡು ದಿನ ಅಮ್ಮ ಅಡುಗೆಮನೆಯಲ್ಲಿ. ಶುಕ್ರವಾರ ಸಂಜೆ ಬಸ್ಸು, ಭಾನುವಾರ ರಾತ್ರಿ ಬಸ್ಸು. ಬಾಡಿಗೆ, ಇನ್ನೊಂದು ಮನೆಯ ಖರ್ಚು, ಆ ದುಡ್ಡಿಗಾಗಿ ಇನ್ನೂ ಜಾಸ್ತಿ ಗೆಸ್ಟ್. ಅಪಾಯದ ದಿನಗಳೆಂದರೆ ಶನಿವಾರ, ಭಾನುವಾರ, ರಜೆ. ಆಗ ಮಕ್ಕಳು ಹೊಳೆ ದಡದಲ್ಲೇ ಇರುತ್ತಾರೆ, ಅದೂ ವಾರವಿಡೀ ಪಟ್ಟಣದಲ್ಲಿದ್ದು ಬಂದು, ನೀರಿನ ಅಭ್ಯಾಸ ತಪ್ಪಿ. ಮಗಳು ಮೂರನೆಯದೋ ನಾಲ್ಕನೆಯದೋ ಕ್ಲಾಸಿಗೆ ಬಂದಾಗ ಊರಿನ ಸ್ಕೂಲು ಸಾಲದು ಅನಿಸಿದರೆ ಆಗ ಕೂತು ಯೋಚಿಸಿ. ಸೇತುವೆ ಮೇಲೆ ಸ್ಕೂಲ್ ವ್ಯಾನ್ ಬರಲು ಶುರುವಾದರೆ ಆ ಪ್ರಶ್ನೆಯೇ ಉಳಿಯಲಿಕ್ಕಿಲ್ಲ.

ಆದರೆ ಒಂದು ಷರತ್ತು. ಬೇಲಿ, ಗೇಟು, ಪಾಳಿ, ವಾರಕ್ಕೆರಡು ದಿನದ ಹೆಂಗಸು, ಇವಕ್ಕೆ ನಿಮ್ಮ ಯಜಮಾನರು ಒಪ್ಪದೇ ಇದ್ದರೆ ನನ್ನ ಉತ್ತರ ಬೇರೆ. ಆಗ ಮಗನಿಗೆ ನಾಲ್ಕು ತುಂಬುವವರೆಗೆ ಶನಿವಾರ, ಭಾನುವಾರ ಅವನನ್ನು ನಿಮ್ಮ ತವರಿಗೋ ನಾದಿನಿ ಮನೆಗೋ ಕಳಿಸಿ. ಈ ಮಾತನ್ನು ಯಜಮಾನರಿಗೂ ಓದಿ ಹೇಳಿ. ದಸರಾ ರಜೆಗೆ ರೂಮೆಲ್ಲ ಬುಕ್ ಆಗಿರುತ್ತವೆ, ನೀರೂ ತುಂಬಿರುತ್ತದೆ. ಗೇಟಿನ ಬಡಗಿಗೆ ಅದಕ್ಕೂ ಮೊದಲೇ ಹೇಳಿ, ಆಮೇಲೆ ಅವರು ಸಿಗುವುದಿಲ್ಲ.